ನಮ್ಮ ಊರಿನಲ್ಲಿದ್ದ ಕವಿ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಡಿತರು ನಿಂತು ಮಾತನಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ಅದೇಕೋ ನಮ್ಮನ್ನು ನಿಲ್ಲಿಸಿದ್ದಾರೆ. ನಾವು ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನ ಗುಮಾಸ್ತಗಿರಿ. ಹಗಲೆಲ್ಲ ಜಮಾ, ಖರ್ಚು, ಬಡ್ಡಿ ಎಂದು ಲೆಕ್ಕ ನೋಡುವವರು ಕಾವ್ಯದ ಮಾತೆತ್ತಿದರೆ ಕೇಳುವವರಿಗೆ ನಗು ಬರುವುದು ಸಹಜ. ಆದರೆ ಇಂಗ್ಲಿಷಿನ ದೊಡ್ಡ ಕವಿ ಟಿ. ಎಸ್. ಎಲಿಯಟ್ 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದನೆಂದು ಓದಿದ ಮೇಲೆ ನಮಗೂ ತುಸು ಧೈರ್ಯ ಬಂದಿದೆ. ಆತ ಬ್ಯಾಂಕಿನಲ್ಲಿದ್ದುಕೊಂಡು ಕವಿತೆ ಬರೆದ. ನಾವು ಬ್ಯಾಂಕಿನಲ್ಲಿದ್ದುಕೊಂಡು ಕವಿಯೊಬ್ಬರ ವಿಷಯವಾಗಿ ನಾಲ್ಕು ಮಾತು ಆಡಿದರೆ ತಪ್ಪೇನೂ ಆಗಲಾರದು.

ನಾವು ಇಂದು ಹೇಳಹೊರಟಿರುವುದು ಕೆ. ವಿ. ತಿರುಮಲೇಶ್ ಅವರ ಬದುಕು ಮತ್ತು ಬರಹದ ವಿಷಯ. ಅವರು ಕನ್ನಡದ ಕವಿಗಳು. ನಮ್ಮ ಈ ಹೈದರಾಬಾದಿನಲ್ಲಿಯೇ ದಶಕಗಳ ಕಾಲ ಬಾಳಿದವರು. 2023ನೆಯ ಜನವರಿ 30ರಂದು ಇಲ್ಲಿಯೇ ತೀರಿಕೊಂಡವರು. ಈ ಹೆಸರನ್ನು ಬಲ್ಲವರು ಕೈ ಎತ್ತಿರಿ ಎಂದರೆ ಸಭೆಯಲ್ಲಿ ಎಷ್ಟು ಕೈ ಏಳುವುವೋ ತಿಳಿಯದು. ಏಳದಿದ್ದರೆ ತಾವು ಸಂಕೋಚಪಡಬೇಕಾದುದಿಲ್ಲ. ಮೊದಲು ನಾಚಬೇಕಾದವರು ನಾವು. ಅದೇಕೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ನಾವೆಲ್ಲ ಪ್ರತಿವರ್ಷ ಕೊಂಡಾಡುವ ಈ ನವೆಂಬರ್ 1ರಿಂದಲೇ ಕಥೆಯನ್ನು ಆರಂಭಿಸೋಣ. 1956ರ ಈ ದಿನ ಭಾಷಾವಾರು ಪ್ರಾಂತಗಳಾದುವು. ಹೈದರಾಬಾದು ಸಂಸ್ಥಾನ ಮೂರು ಭಾಗವಾಗಿ ಹಂಚಿಹೋಯಿತು. ಬೀದರ, ಗುಲಬರ್ಗಾ, ರಾಯಚೂರುಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದುವು. ನಮ್ಮ ಅಜ್ಜನವರು ಲಿಂಗಸುಗೂರು ತಾಲೂಕಿನ ಹಳ್ಳಿಯಲ್ಲಿ ಆ ದಿನ ಬೆಲ್ಲ ಹಂಚಿದರೆಂದು ನಮ್ಮ ಅವ್ವ ಇಂದಿಗೂ ಹೇಳುವುದುಂಟು. ಆದರೆ ಎಲ್ಲರ ಮನೆಯಲ್ಲೂ ಬೆಲ್ಲ ಹಂಚಲಿಲ್ಲ. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಆಲಂಪುರಗಳೂ, ಗುಲಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ ತಾಂಡೂರುಗಳೂ ಅಂದೇ ಆಂಧ್ರಪ್ರದೇಶಕ್ಕೆ ಹೋದುವು. ಅತ್ತ ಪಡುವಣ ಕಡಲಿನ ಬದಿಯಲ್ಲಿ, ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಅದೇ ದಿನ ಕೇರಳಕ್ಕೆ ಹೋಯಿತು. ಒಂದೇ ಗಡಿಯಾರದ ಒಂದೇ ಗಂಟೆಗೆ ಒಬ್ಬರು ಒಳಗೆ ಬಂದರು, ಇನ್ನೊಬ್ಬರು ಹೊರಗೆ ಉಳಿದರು. ಹಾಗೆ ಹೊರಗುಳಿದವರಲ್ಲಿ ಕಾಸರಗೋಡಿಗೆ ಸಮೀಪದ ಕಾರಡ್ಕವೆಂಬ ಹಳ್ಳಿಯ ಹದಿನಾರು ವರ್ಷದ ಹುಡುಗನೊಬ್ಬನಿದ್ದ. ಅವನೇ ಮುಂದೆ ತಿರುಮಲೇಶ್ ಎಂಬ ಕವಿಯಾದುದು.

ಅವರು ಹುಟ್ಟಿದ್ದು 1940ರಲ್ಲಿ. ಕಾಸರಗೋಡು ಎಂತಹ ಸೀಮೆಯೆಂಬುದನ್ನು ಬಯಲುನಾಡಿನ ನಮ್ಮಂತಹವರು ಊಹಿಸಿಕೊಳ್ಳಬೇಕು. ಅಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಇವೆಲ್ಲ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಅಂಗಡಿಯವನೊಡನೆ ಒಂದು ಮಾತು, ಶಾಲೆಯಲ್ಲಿ ಒಂದು ಮಾತು, ಮನೆಯಲ್ಲಿ ಮತ್ತೊಂದು ಮಾತು. ಗಿಳಿವಿಂಡಿನ ಕವಿ ಮಂಜೇಶ್ವರ ಗೋವಿಂದ ಪೈಗಳು (1883-1963) ಅದೇ ನೆಲದವರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಹೋರಾಡಿ, ನೂರು ವರ್ಷ ಬಾಳಿ, 2015ರಲ್ಲಿ ಕಣ್ಮರೆಯಾದ ಕಯ್ಯಾರ ಕಿಞ್ಞಣ್ಣ ರೈಗಳೂ ಆ ನೆಲದವರೇ. ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ರೈಗಳು ಗಡಿಗಾಗಿ ಹೋರಾಡಿದರು. ಅದು ಪೂಜ್ಯವಾದ ಕೆಲಸ. ತಿರುಮಲೇಶರು ಹಿಡಿದುದು ಬೇರೆ ದಾರಿ. ಗಡಿ ಎಲ್ಲಿಯೇ ಇರಲಿ, ತಾವು ಇದ್ದ ಕಡೆ ಕುಳಿತು ಕನ್ನಡದಲ್ಲಿ ಕೆಲಸ ಮಾಡುವ ದಾರಿ ಅದು.

ಆ ಕೆಲಸವೂ ಸುಲಭವಾದುದಲ್ಲ. ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. ಮೊದಲು ಅಧ್ಯಾಪಕರಾಗಿದ್ದುದು ಕೇರಳದಲ್ಲಿ. ಅನಂತರ ಭಾಷಾವಿಜ್ಞಾನದ ಕಡೆ ತಿರುಗಿ ನಮ್ಮ ಹೈದರಾಬಾದಿಗೆ ಬಂದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪಕ್ಕದಲ್ಲಿ 1958ರಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೊಂದಿದೆ. ಮುಂದೆ ಅದು ವಿದೇಶೀ ಭಾಷೆಗಳನ್ನೂ ಸೇರಿಸಿಕೊಂಡು, ಹಳಬರು ಇಂದಿಗೂ ಕರೆಯುವ ಸಿ.ಐ.ಇ.ಎಫ್.ಎಲ್. ಆಯಿತು, 2007ರಿಂದ ಇಫ್ಲು ಎಂಬ ಕೇಂದ್ರೀಯ ವಿಶ್ವವಿದ್ಯಾನಿಲಯವಾಗಿದೆ. ತಾರ್ನಾಕದ ಕಡೆಯಿಂದ ಬರುವವರು ದಿನಾಲು ಅದರ ಹತ್ತಿರದಿಂದಲೇ ಹಾದುಹೋಗುತ್ತೀರಿ. ತಿರುಮಲೇಶರು ಅಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಎಂದರೆ, ಅವರಿಗೆ ಅನ್ನ ಕೊಟ್ಟದ್ದು ಕನ್ನಡವಲ್ಲ. ಹಗಲಿನ ಪಾಠ ಇಂಗ್ಲಿಷಿನಲ್ಲಿ. ಬೀದಿಯ ಮಾತು ತೆಲುಗಿನಲ್ಲಿ, ದಖನಿಯಲ್ಲಿ. ಕನ್ನಡದಲ್ಲಿ ಒಂದಕ್ಷರ ಬರೆಯದಿದ್ದರೂ ಅವರನ್ನು ಕೇಳುವವರಿರಲಿಲ್ಲ. ಸಂಬಳದಲ್ಲಿ ಒಂದು ಕಾಸೂ ಕಡಮೆಯಾಗುತ್ತಿರಲಿಲ್ಲ. ಈ ಸಂಗತಿಯನ್ನು ತಾವು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು. ನಮ್ಮ ಇಡೀ ಭಾಷಣದಲ್ಲಿ ಹೇಳಬೇಕಾದುದು ಇದೊಂದೇ ಎಂದರೂ ಆದೀತು.

ಇನ್ನು ಅವರ ಕೃತಿಗಳನ್ನು ಸ್ಥೂಲವಾಗಿ ನೋಡೋಣ. ಮೊದಲ ಕವನ ಸಂಕಲನ ‘ಮುಖವಾಡಗಳು’ ಪ್ರಕಟವಾದುದು 1968ರಲ್ಲಿ. ಗೋಪಾಲಕೃಷ್ಣ ಅಡಿಗರ ನವ್ಯಕಾವ್ಯ ಕನ್ನಡದಲ್ಲಿ ಪ್ರಬಲವಾಗಿದ್ದ ಕಾಲ ಅದು. ಮರುವರ್ಷವೇ ‘ವಠಾರ’ ಬಂತು. ವಠಾರವೆಂದರೆ ಏನೆಂಬುದನ್ನು ಪರಊರಿನಲ್ಲಿ ಬಾಡಿಗೆಗೆ ಬಾಳಿದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅನಂತರ ‘ಮಹಾಪ್ರಸ್ಥಾನ’, ‘ಮುಖಾಮುಖಿ’, ‘ಅವಧ’, ‘ಪಾಪಿಯೂ’ ಹೀಗೆ ಒಂದೊಂದಾಗಿ ಬಂದುವು. ಹೆಸರುಗಳಲ್ಲಿಯೇ ಒಂದು ನಡಿಗೆ ಕಾಣುತ್ತದೆ ಎಂದು ನಮಗೆ ತೋರುತ್ತದೆ. ಮುಖವಾಡಗಳಿಂದ ಹೊರಟವರು ಮುಖಾಮುಖಿಗೆ ಬಂದರು. ನವ್ಯದ ಬಿಗಿ ಮತ್ತು ಒಳಸರಿದ ಮಾತನ್ನು ಬಿಟ್ಟು, ಎದುರಿಗೆ ಕುಳಿತವರೊಡನೆ ಆಡುವ ಮಾತಿನ ಕಡೆಗೆ ಸರಿದರು. ಒಂದು ರೀತಿ ಕೈಗೆ ಹತ್ತಿತೆಂದು ಅದನ್ನೇ ಜೀವಮಾನವೆಲ್ಲ ಹಿಡಿದು ಕೂರುವ ಜಾಯಮಾನ ಅವರದಾಗಿರಲಿಲ್ಲ.

ಕವಿತೆಯೊಂದೇ ಅಲ್ಲ. ಕಥೆ, ಕಾದಂಬರಿ, ನಾಟಕ, ವಿಮರ್ಶೆ ಎಲ್ಲದರಲ್ಲೂ ಅವರು ಕೈಯಾಡಿಸಿದರು. ಯೂರೋಪಿನ ತತ್ತ್ವಚಿಂತನೆಯನ್ನು ಕನ್ನಡದ ಓದುಗರಿಗೆ ತಿಳಿಸಲು ‘ಅಸ್ತಿತ್ವವಾದ’ ಎಂಬ ಪುಸ್ತಕ ಬರೆದರು. ಬೇಂದ್ರೆಯವರ ಕಾವ್ಯಶೈಲಿಯನ್ನು ಭಾಷಾವಿಜ್ಞಾನಿಯ ಕಣ್ಣಿನಿಂದ ನೋಡಿ ಬರೆದರು. ಕನ್ನಡ ಭಾಷೆಯ ರಚನೆಯ ಪ್ರಶ್ನೆಗಳನ್ನು ಕುರಿತು ಇಂಗ್ಲಿಷಿನಲ್ಲಿಯೂ ಗ್ರಂಥ ರಚಿಸಿದರು. ಹೊರಗಿನ ವಿದ್ವಾಂಸರಿಗೆ ಕನ್ನಡವನ್ನೂ, ಕನ್ನಡಿಗರಿಗೆ ಹೊರಗಿನ ಲೋಕವನ್ನೂ ತಿಳಿಸಿಕೊಡುವ ಎರಡು ಕೆಲಸಗಳನ್ನೂ ಮಾಡಿದವರು ಅವರು. ಮನೆಯೊಳಗೇ ಇರುವವನಿಗೆ ಮನೆಯ ಗೋಡೆ ಕಾಣುವುದಿಲ್ಲ. ಅಂಗಳಕ್ಕೆ ಇಳಿದು ನಿಂತವನಿಗೆ ಮಾಡು, ಗೋಡೆ, ಪಾಗಾರ ಎಲ್ಲವೂ ಕಾಣುತ್ತವೆ. ಕನ್ನಡವು ಎಲ್ಲೆಡೆ ಕಿವಿಗೆ ಬೀಳದ ಊರಿನಲ್ಲಿದ್ದುದರಿಂದಲೇ ಅವರು ಒಂದೊಂದು ಕನ್ನಡ ಪದವನ್ನೂ ಅಂಗೈಯಲ್ಲಿಟ್ಟು ನೋಡುವಂತಾಯಿತೋ ಏನೋ.

ಅವರ ಬಹು ದೊಡ್ಡ ಸಾಹಸವೆಂದರೆ ‘ಅಕ್ಷಯ ಕಾವ್ಯ’. 2010ರಲ್ಲಿ ಹೊರಬಂದ ಈ ಕೃತಿಗೆ 2015ನೆಯ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇದು ಬಹಳ ದೀರ್ಘವಾದ ಕಾವ್ಯ. ಹಾಗೆಂದು ಕುಮಾರವ್ಯಾಸನ ಭಾರತದಂತೆ ಗಮಕಿಗಳಿಂದ ಓದಿಸಿ ಕಥೆ ಕೇಳುತ್ತೇವೆಂದು ಕುಳಿತರೆ ನಿರಾಸೆಯಾಗುತ್ತದೆ. ಇದರಲ್ಲಿ ಆದಿಯಿಂದ ಅಂತ್ಯದವರೆಗೆ ಹರಿಯುವ ಒಂದು ಕಥೆಯಿಲ್ಲ, ನಾಯಕನಿಲ್ಲ, ಯುದ್ಧವೂ ಇಲ್ಲ, ಪಟ್ಟಾಭಿಷೇಕವೂ ಇಲ್ಲ. ತುಂಡು ತುಂಡಾಗಿ ಬರುವ ಖಂಡಗಳ ಕಾವ್ಯ. ಪುರಾಣದ ಪಕ್ಕದಲ್ಲಿ ಪೇಟೆ, ನೆನಪಿನ ಪಕ್ಕದಲ್ಲಿ ವಿಚಾರ. ಇಂತಹ ದೀರ್ಘಕಾವ್ಯಗಳು ಕಳೆದ ಶತಮಾನದಲ್ಲಿ ಅಮೆರಿಕದಲ್ಲಿ ಬಂದಿವೆ. ಎಜ್ರಾ ಪೌಂಡ್ ಎಂಬ ಕವಿ ತನ್ನ ‘ಕ್ಯಾಂಟೋಸ್’ ಎಂಬ ಕಾವ್ಯವನ್ನು ದಶಕಗಳ ಕಾಲ ಬರೆಯುತ್ತಲೇ ಇದ್ದ. ಕನ್ನಡದಲ್ಲಿ ಅಂತಹದೊಂದನ್ನು ಮಾಡಿ ನೋಡುವ ಎದೆಗಾರಿಕೆ ತಿರುಮಲೇಶರದು. ಮುಂದೆ ‘ಅವ್ಯಯ ಕಾವ್ಯ’ ಎಂಬ ಇನ್ನೊಂದನ್ನೂ ಬರೆದರು.

ಇಲ್ಲಿ ನಮ್ಮ ತಪ್ಪೊಪ್ಪಿಗೆಯನ್ನು ಮಾಡಿಬಿಡುತ್ತೇವೆ. ನಾವು ಬ್ಯಾಂಕಿನ ಪರೀಕ್ಷೆ ಪಾಸು ಮಾಡಿ ಈ ಊರಿಗೆ ಬಂದುದು 2014ರಲ್ಲಿ. ಮರುವರ್ಷ ಡಿಸೆಂಬರಿನಲ್ಲಿ ಅಕಾಡೆಮಿಯ ಪ್ರಶಸ್ತಿಯ ಸುದ್ದಿ ಪತ್ರಿಕೆಯಲ್ಲಿ ಬಂತು. ಬೀದರದ ಕಡೆಯ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಎಂದು ಕರೆಯುತ್ತೇವಷ್ಟೆ. ಅವರು ಪತ್ರಿಕೆ ಹಿಡಿದುಕೊಂಡು ನಮ್ಮ ಬಾಡಿಗೆ ಮನೆಗೆ ಬಂದು, “ಏನೋ ತಮ್ಮಾ, ಇಷ್ಟು ದೊಡ್ಡ ಕವಿ ಇದೇ ಊರಾಗ ಅದಾರಂತ. ಒಂದು ಶಾಲು, ನಾಕು ಹಣ್ಣು ತೊಗೊಂಡು ಹೋಗಿ ಕೈ ಮುಗದು ಬರೋಣು” ಎಂದರು. ನಾವು, “ಆಗಲಿ ಕಾಕಾ, ಮಾರ್ಚಿ ಒಂದು ಮುಗೀಲಿ” ಎಂದೆವು. ಬ್ಯಾಂಕಿನವರಿಗೆ ಮಾರ್ಚಿ ಎಂದರೆ ಏನೆಂದು ತಾವು ಬಲ್ಲಿರಿ. ಕಾಕಾ ಅಷ್ಟರಲ್ಲಿ ಶಾಲು ಕೊಂಡು ತಂದಿಟ್ಟಿದ್ದರು. ಮಾರ್ಚಿ ಮುಗಿಯಿತು, ಬೇಸಗೆ ಬಂತು, ಊರಿಗೆ ಹೋದೆವು. 2016ರ ರಾಜ್ಯೋತ್ಸವ ಮುಗಿದ ಮೇಲೆ ಖಂಡಿತ ಹೋಗುವುದೆಂದು ದಿನ ಗೊತ್ತು ಮಾಡಿದೆವು. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದುವು. ಅನಂತರದ ಐವತ್ತು ದಿನ ಕೌಂಟರಿನ ಎದುರಿನ ಸಾಲನ್ನು ಬಿಟ್ಟು ಬೇರೆ ಏನನ್ನೂ ನಾವು ನೋಡಲಿಲ್ಲ.

ಆಮೇಲೆ ಮತ್ತೊಂದು ಕಾರಣ, ಮಗದೊಂದು ಕಾರಣ. “ಇದೇ ಊರಿನಲ್ಲಿದ್ದಾರೆ, ಎಲ್ಲಿಗೆ ಹೋಗುತ್ತಾರೆ” ಎಂಬ ಧೈರ್ಯ. ದೂರದಲ್ಲಿರುವವರನ್ನು ನೋಡಲು ರಜೆ ಹಾಕಿ, ಟಿಕೆಟ್ಟು ತೆಗೆಸಿ ಹೋಗುತ್ತೇವೆ. ಹತ್ತಿರದಲ್ಲಿರುವವರನ್ನು ನಾಳೆಗೆ ಬಿಡುತ್ತೇವೆ. 2020ರಲ್ಲಿ ಕೊರೋನಾ ಬಂದು ಹಿರಿಯರ ಮನೆಯ ಬಾಗಿಲು ತಟ್ಟುವುದೇ ಅಪರಾಧವೆನ್ನುವಂತಾಯಿತು. 2023ರ ಜನವರಿ ಕೊನೆಯಲ್ಲಿ ಒಂದು ಬೆಳಗ್ಗೆ ಸುದ್ದಿ ಓದಿದೆವು. ಎಂಬತ್ತೆರಡು ವರ್ಷದ ಕವಿ ಹೈದರಾಬಾದಿನಲ್ಲಿ ನಿಧನರಾದರು ಎಂದಿತ್ತು. ಅವರನ್ನು ನೋಡಿಬಂದ, ಅವರೊಡನೆ ಒಡನಾಡಿದ ಭಾಗ್ಯವಂತರು ಈ ಊರಿನಲ್ಲಿ ಅನೇಕರಿರಬಹುದು. ನಾವು ಆ ಲೆಕ್ಕದಲ್ಲಿಲ್ಲ. ಕಾಕಾ ಅವರಿಗೆ ಫೋನ್ ಮಾಡಿದೆವು. ಅವರು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಶಾಲು ಇನ್ನೂ ಪೆಟ್ಟಿಗ್ಯಾಗ ಅದ ನೋಡು” ಎಂದಷ್ಟೇ ಹೇಳಿದರು.

ಕವಿಯನ್ನು ನೋಡಲಾಗಲಿಲ್ಲ, ಕಾವ್ಯವನ್ನಾದರೂ ನೋಡೋಣವೆಂದು ಪುಸ್ತಕಗಳನ್ನು ತರಿಸಿದೆವು. ಸತ್ಯ ಹೇಳುವುದಾದರೆ ‘ಅಕ್ಷಯ ಕಾವ್ಯ’ದ ಮೊದಲ ಹತ್ತು ಪುಟಗಳಲ್ಲಿ ನಮಗೆ ಹಾದಿ ಸಿಕ್ಕಲಿಲ್ಲ. ಇದು ಪಂಡಿತರ ಪಾಲಿನದೆಂದು ಮುಚ್ಚಿಡುವುದರಲ್ಲಿದ್ದೆವು. ಕಾಕಾ ಬಿಡಲಿಲ್ಲ. “ತಿಳಿಯೂದಿಲ್ಲಂತ ಬಿಡಬ್ಯಾಡ. ಚಾರ್‌ಮಿನಾರದ ಗಲ್ಲಿಯೊಳಗ ನಕಾಶೆ ಹಿಡಕೊಂಡು ಯಾರರ ತಿರಗ್ತಾರೇನು? ಒಂದು ಗಲ್ಲಿ ಹೊಕ್ಕೊ, ಹೊರಗ ಬಾ, ಇನ್ನೊಂದು ಹೊಕ್ಕೊ” ಎಂದರು. ನಾವು ಹಾಗೆಯೇ ಮಾಡಿದೆವು. ಬ್ಯಾಂಕಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆ ಎರಡು ಸಂಜೆ ಐದು ಮನೆಯವರು ಒಂದೆಡೆ ಸೇರುವುದು, ಎಲ್ಲಿಯಾದರೂ ಒಂದು ಖಂಡವನ್ನು ತೆರೆದು ಗಟ್ಟಿಯಾಗಿ ಓದುವುದು, ತಿಳಿದಷ್ಟು ಮಾತನಾಡುವುದು, ಚಹಾ ಕುಡಿದು ಏಳುವುದು. ಕಥೆಯ ಹಂಗು ಇಲ್ಲದಿದ್ದುದೇ ಅನುಕೂಲವಾಯಿತು. ಹಿಂದಿನ ಸಲ ಬಾರದವರಿಗೂ ಏನೂ ತಪ್ಪಿಹೋಗಲಿಲ್ಲ. ಕಣ್ಣಿಗೆ ಕಷ್ಟವಾದುದು ಕಿವಿಗೆ ಅಷ್ಟು ಕಷ್ಟವಾಗುವುದಿಲ್ಲವೆಂಬುದನ್ನೂ ಕಲಿತೆವು.

ಒಂದು ಸಂಜೆಯ ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇವೆ. ನಮ್ಮ ಮಗಳಿಗೆ ಈಗ ಎಂಟು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ; ಕನ್ನಡವಿಲ್ಲ. ಮನೆಯಲ್ಲಿ ಮಾತನಾಡುತ್ತಾಳೆ, ಓದಲು ಬಾರದು. ತೆಲುಗಿನ ಅಕ್ಷರ ಬಲ್ಲವರಿಗೆ ಕನ್ನಡದ ಅಕ್ಷರ ಹತ್ತಿರದ ನಂಟ. ಆದ್ದರಿಂದ ಮೇಜಿನ ಮೇಲಿದ್ದ ಎರಡನೆಯ ಪುಸ್ತಕವನ್ನು ಎತ್ತಿಕೊಂಡು ರಕ್ಷಾಪುಟದ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿದಳು. ‘ಅ-ವ್ಯ-ಯ’. “ಅಪ್ಪಾ, ಹಂಗಂದ್ರೇನು?” ಎಂದಳು. ನಾವು ಶಾಲೆಯ ವ್ಯಾಕರಣವನ್ನು ನೆನೆದು, ಲಿಂಗ ವಚನ ವಿಭಕ್ತಿಗಳಿಂದ ರೂಪ ಬದಲಾಗದ ಪದವೇ ಅವ್ಯಯ ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಮೂಲೆಯಲ್ಲಿ ಕುಳಿತಿದ್ದ ನಮ್ಮ ಅವ್ವ ಬಾಯಿ ಹಾಕಿದರು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. “ಯುಗಾದಿ ದಿನ ಪಂಚಾಂಗದಾಗ ಆಯ ಎಷ್ಟು, ವ್ಯಯ ಎಷ್ಟು ಅಂತ ಹೇಳ್ತಾರಲ್ಲ ಕೂಸ. ವ್ಯಯ ಅಂದ್ರ ಖರ್ಚು. ಅವ್ಯಯ ಅಂದ್ರ ಖರ್ಚಾಗಿ ಹೋಗದ್ದು” ಎಂದುಬಿಟ್ಟರು. ಬಿ.ಕಾಂ. ಓದಿ ದಿನವಿಡೀ ಆಯವ್ಯಯವನ್ನೇ ನೋಡುವ ನಮಗೆ ಅದು ಹೊಳೆದಿರಲಿಲ್ಲ! ಭಾಷಾವಿಜ್ಞಾನಿಯಾದ ಕವಿ ಆ ಹೆಸರಿಡುವಾಗ ಎರಡು ಅರ್ಥವನ್ನೂ ಕಂಡಿರಲೇಬೇಕು. ಒಂದನ್ನು ನಾವು ಪುಸ್ತಕದಿಂದ ತಂದೆವು. ಇನ್ನೊಂದನ್ನು ಅವ್ವ ಬಾಳಿನಿಂದ ತಂದರು. ಮಗಳು ಎರಡನ್ನೂ ಕೇಳಿದಳು. ಅಂದಿನ ಓದು ಅಷ್ಟಕ್ಕೇ ಮುಗಿಯಿತು, ಅಷ್ಟೇ ಸಾಕಾಯಿತು.

ಇಲ್ಲಿ ನಾವು ತುಸು ದೂರದ ಐರ್ಲೆಂಡ್ ದೇಶಕ್ಕೆ ಹೋಗಿಬರಲು ತಮ್ಮ ಅಪ್ಪಣೆ ಬೇಡುತ್ತೇವೆ. ಗಡಿಯ ಕಷ್ಟವನ್ನೂ ನುಡಿಯ ಕಷ್ಟವನ್ನೂ ಆ ಜನ ನಮಗಿಂತ ಹೆಚ್ಚು ಉಂಡವರು. ಐರಿಷ್ ಎಂಬುದು ಇಂಗ್ಲಿಷಿನ ಒಂದು ಬಗೆಯಲ್ಲ. ಬೇರೆಯೇ ಆದ ಹಳೆಯ ಭಾಷೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಶಾಲೆಗಳು ಬಂದುವು. 1845ರಿಂದ ಆಲೂಗಡ್ಡೆಯ ಬೆಳೆ ಕೆಟ್ಟು ಭೀಕರ ಕ್ಷಾಮ ಬಿತ್ತು. ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿದರು. ಹೊಟ್ಟೆಪಾಡಿಗೆ ಇಂಗ್ಲಿಷೇ ಬೇಕೆಂದು ತಂದೆತಾಯಿಗಳು ಮಕ್ಕಳೊಡನೆ ಐರಿಷ್ ಆಡುವುದನ್ನು ಬಿಟ್ಟರು. 1922ರಲ್ಲಿ ಸ್ವಂತ ಸರಕಾರ ಬಂತು, ಐರಿಷ್ ರಾಷ್ಟ್ರಭಾಷೆಯಾಯಿತು, ಶಾಲೆಗಳಲ್ಲಿ ಕಡ್ಡಾಯವಾಯಿತು. ಫಲವೇನು? 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದು ಬರೆಸಿದವರು ಸುಮಾರು 18 ಲಕ್ಷ 70 ಸಾವಿರ ಜನ. ಅವರಲ್ಲಿ ಶಾಲೆಯ ಹೊರಗೆ ದಿನಾಲು ಅದನ್ನು ಆಡುವವರು ಸುಮಾರು 72 ಸಾವಿರ ಮಾತ್ರ!

ಆ ದೇಶದ ದೊಡ್ಡ ಕವಿ ಶೇಮಸ್ ಹೀನಿ ನಮ್ಮ ತಿರುಮಲೇಶರಿಗಿಂತ ಒಂದು ವರ್ಷ ದೊಡ್ಡವರು. 1939ರಲ್ಲಿ, ದೇಶ ಎರಡಾದಾಗ ಬ್ರಿಟನ್ನಿಗೆ ಉಳಿದುಹೋದ ಉತ್ತರ ಭಾಗದ ಒಂದು ರೈತರ ಮನೆಯಲ್ಲಿ ಹುಟ್ಟಿದರು, 1995ರಲ್ಲಿ ನೊಬೆಲ್ ಬಹುಮಾನ ಪಡೆದರು, 2013ರಲ್ಲಿ ತೀರಿಕೊಂಡರು. ಅವರು ತಮ್ಮ ಕವಿತೆಗಳನ್ನು ಬರೆದುದು ಇಂಗ್ಲಿಷಿನಲ್ಲಿ. ಆದರೆ ನಮ್ಮ ಸಭೆಗೆ ಇನ್ನೂ ಹತ್ತಿರದವರು ನೂಲಾ ನೀ ಗೋನಲ್ ಎಂಬ ಕವಯಿತ್ರಿ. ಅವರು ಹುಟ್ಟಿದ್ದು 1952ರಲ್ಲಿ, ಐರ್ಲೆಂಡಿನಲ್ಲಲ್ಲ, ಇಂಗ್ಲೆಂಡಿನಲ್ಲಿ. ವೈದ್ಯರಾಗಿ ಅಲ್ಲಿಗೆ ಹೋಗಿದ್ದ ಐರಿಷ್ ದಂಪತಿಗಳ ಮಗಳಾಗಿ. ಐದು ವರ್ಷದವರಿದ್ದಾಗ ಐರಿಷ್ ಇನ್ನೂ ಬಾಯಲ್ಲಿ ಉಳಿದಿದ್ದ ಪಡುವಣ ತೀರದ ಊರಿಗೆ, ನೆಂಟರ ಮನೆಗೆ ಅವರನ್ನು ಕಳುಹಿಸಿದರು. ಆ ಮನೆಯಲ್ಲಿ ಕಿವಿಗೆ ಬಿದ್ದ ಭಾಷೆಯಲ್ಲಿಯೇ ಅವರು ಮುಂದೆ ಕವಿತೆ ಬರೆದರು. ಇಂಗ್ಲಿಷಿನಲ್ಲಿ ಬರೆಯುವ ಹೀನಿಯಂತಹವರೇ ಅವರ ಕವಿತೆಗಳನ್ನು ಇಂಗ್ಲಿಷಿಗೆ ತಿರುಗಿಸಿದರು. ಪರದೇಶದಲ್ಲಿ ಹುಟ್ಟಿದ ಮಗು ತನ್ನ ಭಾಷೆಯ ಮೊದಲ ಸಾಲಿನ ಕವಿಯಾದುದು ಯಾವ ಸರಕಾರದ ಕಾಯಿದೆಯಿಂದಲೂ ಅಲ್ಲ. ಒಂದು ಮನೆಯ ಅಡುಗೆಮನೆಯಲ್ಲಿ ದಿನಾಲು ಕೇಳಿದ ಮಾತಿನಿಂದ.

ನಮ್ಮ ಕಸಬಿನ ಒಂದು ಮಾತನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಉಳಿತಾಯ ಖಾತೆಯೊಂದರಲ್ಲಿ ಖಾತೆದಾರರು ಎರಡು ವರ್ಷಕ್ಕೆ ಮೇಲ್ಪಟ್ಟು ಯಾವ ವ್ಯವಹಾರವನ್ನೂ ಮಾಡದಿದ್ದರೆ ಅದು ನಿಷ್ಕ್ರಿಯ ಖಾತೆಯೆಂದು ದಾಖಲಾಗುತ್ತದೆ. ಹಣ ಇರುತ್ತದೆ, ಹೆಸರು ಇರುತ್ತದೆ. ಆದರೆ ಖಾತೆ ನಡೆಯುವುದಿಲ್ಲ. ಬ್ಯಾಂಕು ತಾನಾಗಿ ಬಡ್ಡಿ ಜಮಾ ಮಾಡುತ್ತದಲ್ಲ ಎಂದರೆ, ಅದು ಲೆಕ್ಕಕ್ಕೆ ಬಾರದು. ಖಾತೆದಾರರೇ ಬಂದು ಹಾಕಿದ ಅಥವಾ ತೆಗೆದ ಹಣ ಮಾತ್ರ ವ್ಯವಹಾರ. ಹತ್ತು ವರ್ಷ ಹಾಗೆಯೇ ಬಿಟ್ಟರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಸೋದರ ಸೋದರಿಯರೇ, ಐರ್ಲೆಂಡಿನ ಆ 18 ಲಕ್ಷ ಜನರಲ್ಲಿ ಹೆಚ್ಚಿನವರದು ಇಂತಹ ಖಾತೆ. ನಮ್ಮದು ಹೇಗಿದೆ? ವರ್ಷಕ್ಕೊಮ್ಮೆ ಬಾವುಟ ಏರಿಸಿ, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿತ್ತೆಂದು ಕವಿರಾಜಮಾರ್ಗದ ಹೆಸರು ಹೇಳಿ, ಊಟ ಮಾಡಿ ಹೋಗುತ್ತೇವೆ. ಅದು ಬ್ಯಾಂಕು ಜಮಾ ಮಾಡುವ ಬಡ್ಡಿಯಂತೆ. ತಾನಾಗಿ ಬರುತ್ತದೆ, ಸಂತೋಷವೂ ಆಗುತ್ತದೆ. ಆದರೆ ಖಾತೆ ಜೀವಂತವಾಗಿರಬೇಕಾದರೆ ನಾವೇ ಕೌಂಟರಿಗೆ ಹೋಗಬೇಕು. ಹತ್ತು ರೂಪಾಯಿ ಹಾಕಿದರೂ ಸಾಕು, ನಾವೇ ಹಾಕಬೇಕು.

ಇದನ್ನು ಹೇಳುವಾಗ ತಮ್ಮ ಮನಸ್ಸಿನಲ್ಲಿ ಏಳುವ ಮಾತನ್ನು ನಾವು ಬಲ್ಲೆವು; ಏಕೆಂದರೆ ನಾವೂ ಅದನ್ನೇ ಹೇಳಿಕೊಂಡು ಬಂದವರು. “ಕರ್ನಾಟಕದಲ್ಲಿದ್ದರೆ ಮಕ್ಕಳು ಕಲಿಯುತ್ತಿದ್ದರು, ಪರಊರಿನಲ್ಲಿ ಏನು ಮಾಡುವುದು? ಕೆಲಸದಿಂದ ಬರುವುದೇ ರಾತ್ರಿ ಎಂಟು ಗಂಟೆಗೆ.” ಈ ಮಾತು ಸುಳ್ಳಲ್ಲ. ಆದರೆ ಇದೇ ಊರಿನಲ್ಲಿ, ಇದೇ ತೆಲುಗು ದಖನಿಗಳ ನಡುವೆ, ಬೇರೆ ಭಾಷೆಯ ಪಾಠ ಹೇಳಿ ಮನೆಗೆ ಬಂದು, ಅರ್ಧ ಶತಮಾನಕ್ಕೂ ಮಿಕ್ಕಿದ ತಮ್ಮ ಬರಹದ ಬಾಳಿನ ಬಹುಭಾಗವನ್ನು ಕನ್ನಡಕ್ಕೆ ಕೊಟ್ಟ ಒಬ್ಬರಿದ್ದರೆಂಬುದನ್ನು ತಿಳಿದ ಮೇಲೆ ನಮಗಂತೂ ಆ ಮಾತನ್ನು ಗಟ್ಟಿಯಾಗಿ ಹೇಳಲು ನಾಲಗೆ ಬರುವುದಿಲ್ಲ. ಅವರು ಹುಟ್ಟಿದ ಊರು ಕರ್ನಾಟಕದಲ್ಲಿರಲಿಲ್ಲ. ದುಡಿದ ಊರು ಕರ್ನಾಟಕದಲ್ಲಿರಲಿಲ್ಲ. ಮಡಿದ ಊರೂ ಕರ್ನಾಟಕದಲ್ಲಿರಲಿಲ್ಲ. ಅವರ ಕನ್ನಡ ಮಾತ್ರ ಎಲ್ಲಿಯೂ ಪರಊರಿನದಾಗಲಿಲ್ಲ. ಎಲ್ಲರೂ ಕವಿಗಳಾಗಬೇಕೆಂದು ನಾವು ಹೇಳುತ್ತಿಲ್ಲ. ಅಷ್ಟು ದೊಡ್ಡ ಠೇವಣಿ ನಮ್ಮಿಂದಾಗದು. ಮಗುವಿನ ಎದುರಿಗೆ ದಿನಕ್ಕೆ ಒಂದು ಪುಟ ಓದುವುದು ಆಗದ ಮಾತೇನೂ ಅಲ್ಲ.

‘ಅಕ್ಷಯ’ ಎಂಬ ಮಾತಿನೊಂದಿಗೆ ನಮಗೆಲ್ಲ ನೆನಪಾಗುವುದು ಭಾರತದ ಅಕ್ಷಯಪಾತ್ರೆ. ಸೂರ್ಯನು ಅದನ್ನು ಧರ್ಮರಾಯನಿಗೆ ಕೊಟ್ಟದ್ದು ಇಂದ್ರಪ್ರಸ್ಥದ ಅರಮನೆಯಲ್ಲಿದ್ದಾಗ ಅಲ್ಲ. ನಾಡು ಬಿಟ್ಟು ಕಾಡಿಗೆ ಬಂದ ಮೇಲೆ. ಮನೆಯಲ್ಲಿದ್ದವರಿಗೆ ಅದರ ಅಗತ್ಯವಿರಲಿಲ್ಲ. ದೂರ್ವಾಸರು ಶಿಷ್ಯರೊಡನೆ ಬಂದ ದಿನ ಪಾತ್ರೆ ತೊಳೆದಿಟ್ಟಾಗಿತ್ತು. ಆದರೂ ಅಂಚಿಗೆ ಅಂಟಿಕೊಂಡಿದ್ದ ಒಂದು ಸೊಪ್ಪಿನ ಎಸಳು ಎಲ್ಲರ ಹಸಿವಿಗೂ ಸಾಕಾಯಿತು. ನಮ್ಮ ಮನೆಗಳಲ್ಲಿ ಇಂದು ಉಳಿದಿರುವ ಕನ್ನಡ ಆ ಒಂದು ಎಸಳಿನಷ್ಟೇ ಇರಬಹುದು. ಅದನ್ನು ತೊಳೆದು ಚೆಲ್ಲದಿದ್ದರೆ ಸಾಕು.

ಕೊನೆಯದಾಗಿ ಒಂದು ಪ್ರಾರ್ಥನೆ. ಕಾಕಾ ಅವರು ಆ ಶಾಲನ್ನು ಇಂದು ತಂದಿದ್ದಾರೆ. ಬಾಗಿಲ ಬಳಿಯ ಮೇಜಿನ ಮೇಲೆ ಅದನ್ನು ಹಾಸಿ, ಮೇಲೆ ತಿರುಮಲೇಶರ ಪುಸ್ತಕಗಳನ್ನೂ ಮಕ್ಕಳ ಕೆಲವು ಕನ್ನಡ ಪುಸ್ತಕಗಳನ್ನೂ ಇಟ್ಟಿದ್ದೇವೆ. ಉಪ್ಪಿಟ್ಟಿನ ಕಡೆಗೆ ಹೋಗುವ ಮೊದಲು ಅಲ್ಲಿ ಒಂದು ನಿಮಿಷ ನಿಲ್ಲಿರಿ. ಬೇಕಾದುದನ್ನು ಒಯ್ಯಿರಿ, ಪಕ್ಕದ ವಹಿಯಲ್ಲಿ ಹೆಸರು ಬರೆದು ಹೋಗಿರಿ, ಓದಿ ತಂದುಕೊಡಿರಿ. ವಾಯಿದೆ ಮೀರಿದರೆ ಬಡ್ಡಿಯಿಲ್ಲ, ದಂಡವಿಲ್ಲ. ಎರಡನೆಯ ಮತ್ತು ನಾಲ್ಕನೆಯ ಶನಿವಾರದ ಸಂಜೆಯ ಓದಿಗೂ ತಾವು ಮಕ್ಕಳೊಡನೆ ಬರಬೇಕು. ಅರ್ಥವಾಗುವುದಿಲ್ಲವೆಂದು ಹಿಂಜರಿಯಬೇಡಿರಿ, ನಮಗೂ ಆಗುವುದಿಲ್ಲ. ಕೂಡಿ ಕುಳಿತರೆ ಯಾರಾದರೊಬ್ಬ ಅವ್ವ ಹೇಳಿಕೊಡುತ್ತಾರೆ.

ಹತ್ತಿರದಲ್ಲಿರುವುದನ್ನು ನಾಳೆಗೆ ಬಿಡಬಾರದೆಂಬುದನ್ನು ನಾವು ತಡವಾಗಿ ಕಲಿತೆವು. ತಾವು ಹಾಗೆ ಮಾಡದಿರಲಿ ಎಂದು ಬೇಡಿಕೊಳ್ಳುತ್ತೇವೆ.